ಕೊಡ ಇಳಿಸಿದ ಮೇಲೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ‘ಸೂಟಿ’ ಮತ್ತು ‘ವಸ್ತಿ’ ಎಂಬ ಎರಡು ಮಾತುಗಳು ದಿನಬಳಕೆಯಲ್ಲಿವೆ. ಸೂಟಿ ಎಂದರೆ ರಜೆ. ಶಾಲೆಯ ಹುಡುಗರಿಗೆ, ಕಚೇರಿಯ ಗುಮಾಸ್ತರಿಗೆ ಸಿಕ್ಕುವ ಬಿಡುವು. ವಸ್ತಿ ಎಂದರೆ ರಾತ್ರಿ ತಂಗುವುದು. ಸಂಜೆ ಹಳ್ಳಿ ಸೇರಿ, ಅಲ್ಲಿಯೇ ನಿಂತು, ನಸುಕಿನಲ್ಲಿ ಮರಳಿ ಹೊರಡುವ ಬಸ್ಸಿಗೆ ಈ ಕಡೆ ‘ವಸ್ತಿ ಬಸ್ಸು’ ಎಂದೇ ಹೆಸರು. ಊರಿಂದ ದೂರ ಕಬ್ಬಿನ ಹೊಲಗಳ ನಡುವೆ ಮನೆ ಮಾಡಿಕೊಂಡಿದ್ದರೆ ಅದು ‘ತೋಟದ ವಸ್ತಿ’. ಸಂಸ್ಕೃತದ ‘ವಸತಿ’ಯೇ ಒಂದು ಕಡೆ ಜೈನರ ‘ಬಸದಿ’ಯಾಯಿತು, ಇನ್ನೊಂದು ಕಡೆ ಒಕ್ಕಲಿಗನ ‘ವಸ್ತಿ’ಯಾಗಿ ಉಳಿಯಿತು. ದೇವರಿಗೂ ಮನುಷ್ಯನಿಗೂ ತಂಗುವ ತಾವೊಂದು ಬೇಕು ಎಂಬುದನ್ನು ಈ ಒಂದೇ ಪದ ಹೇಳುತ್ತದೆ.

ಹುಟ್ಟಿದಾಗ ಗಂಡೆಂದು ಬರೆಸಿದರೂ ತನ್ನನ್ನು ಹೆಣ್ಣೆಂದೇ ಅರಿತು, ಹೆಣ್ಣಾಗಿಯೇ ಬಾಳುತ್ತಿರುವ ಒಬ್ಬ ಹೆಣ್ಣುಮಗಳು ಈ ಸೀಮೆಯ ತೋಟದ ಮನೆಯೊಂದರಲ್ಲಿ ಮೂರು ದಿನ ಒಬ್ಬಳೇ ಸೂಟಿ ಕಳೆಯಬಯಸಿದರೆ ಏನಾದೀತು? ಇಂದಿನ ಭಾಷಣದಲ್ಲಿ ನಾನು ಎತ್ತಿಕೊಂಡಿರುವ ಪ್ರಶ್ನೆ ಇಷ್ಟೇ. ಕಾನೂನಿನ ಭಾಷೆಯಲ್ಲಿ ಅವಳು ಟ್ರಾನ್ಸ್‌ಜೆಂಡರ್ ಮಹಿಳೆ. ಪತ್ರಿಕೆಗಳ ಭಾಷೆಯಲ್ಲಿ ತೃತೀಯಲಿಂಗಿ. ಪ್ರಶ್ನೆ ಸಣ್ಣದಾಗಿ ಕಾಣಬಹುದು. ಹಸಿವು, ಉದ್ಯೋಗ, ಅವಮಾನ, ಹಲ್ಲೆಗಳಂಥ ದೊಡ್ಡ ಸಂಗತಿಗಳಿರುವಾಗ ರಜೆಯ ಮಾತೇಕೆ ಎಂದು ಕೇಳುವವರೂ ಉಂಟು. ಆ ಆಕ್ಷೇಪಕ್ಕೆ ಮುಂದೆ ಬರುತ್ತೇನೆ. ಮೊದಲು ಇಂಥ ಹೆಣ್ಣುಮಗಳು ಈ ನಾಡಿನಲ್ಲಿ ಇದುವರೆಗೆ ಹೇಗೆ ಪ್ರಯಾಣ ಮಾಡುತ್ತ ಬಂದಿದ್ದಾಳೆ ಎಂಬುದನ್ನು ನೋಡೋಣ.

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಅವಳು ಅಪರಿಚಿತಳಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಹಾದಿಗಳಲ್ಲಿ, ಹುಣ್ಣಿಮೆಯ ಆಸುಪಾಸಿನಲ್ಲಿ, ಜೋಗಪ್ಪಂದಿರನ್ನೂ ಜೋಗತಿಯರನ್ನೂ ನಾವು ತಲೆಮಾರುಗಳಿಂದ ಕಂಡಿದ್ದೇವೆ. ಗಂಡಾಗಿ ಹುಟ್ಟಿ, ಎಲ್ಲಮ್ಮ ತನ್ನನ್ನು ಹಿಡಿದಳೆಂದು ನಂಬಿ, ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು ಬಳೆ ತೊಟ್ಟವರು ಜೋಗಪ್ಪಂದಿರು. ಹೊಸ್ತಿಲ ಹುಣ್ಣಿಮೆಗೆ ದೇವಿ ವಿಧವೆಯಾದಳೆಂದು ಬಳೆ ಒಡೆಯುವುದು, ಭಾರತ ಹುಣ್ಣಿಮೆಗೆ ಮರಳಿ ಮುತ್ತೈದೆಯಾದಳೆಂದು ಬಳೆ ತೊಡುವುದು ಅವರ ವರ್ಷದ ಎರಡು ತುದಿಗಳು. ತಲೆಯ ಮೇಲೆ ದೇವಿಯ ಮುಖವಿರುವ ಜಗ ಅಥವಾ ಕೊಡ, ಕೈಯಲ್ಲಿ ಚೌಡಿಕೆ, ಹಣೆಯ ತುಂಬ ಭಂಡಾರ. ಹಸಿ ಮರಳಿನ ಕೊಡದಲ್ಲಿ ನೀರು ತುಂಬಿ, ಹಾವನ್ನೇ ಸಿಂಬೆ ಮಾಡಿಕೊಂಡು ಹೊರುತ್ತಿದ್ದ ರೇಣುಕೆಯ ಕಥೆಯನ್ನು ಆ ಕೊಡ ನೆನಪಿಗೆ ತರುತ್ತದೆ.

ಜೋಗತಿ ಬಾಗಿಲಿಗೆ ಬಂದಳೆಂದರೆ ಮನೆಯ ಹಿರಿಯಳು ಮೊರದಲ್ಲಿ ಜೋಳ ತಂದು ನೀಡುತ್ತಾಳೆ, ಭಂಡಾರ ಹಚ್ಚಿಸಿಕೊಳ್ಳುತ್ತಾಳೆ, ‘ಯವ್ವಾ, ತಾಯಿ’ ಎಂದು ಕೈ ಮುಗಿಯುತ್ತಾಳೆ. ಇದು ಸಣ್ಣ ಮಾತಲ್ಲ. ಬೇರೆ ಎಷ್ಟೋ ಸಮಾಜಗಳು ಇಂಥವರಿಗೆ ಹೆಸರನ್ನು ಸಹ ಕೊಡದಿದ್ದಾಗ ನಮ್ಮ ಜನಪದ ಒಂದು ಹೆಸರನ್ನೂ ಒಂದು ಹಾಡನ್ನೂ ಹೋಗಿಬರಲು ಒಂದು ದಾರಿಯನ್ನೂ ಕೊಟ್ಟಿತು. ಆದರೆ ಆ ಗೌರವ ಎಲ್ಲಿಯವರೆಗೆ ಎಂದು ಕೇಳಿಕೊಳ್ಳಬೇಕು. ಅದು ಹೊಸ್ತಿಲವರೆಗೆ ಇತ್ತು. ಕೈ ಮುಗಿದದ್ದು ತಲೆಯ ಮೇಲಿದ್ದ ದೇವಿಗೆ. ಕೊಡ ಇಳಿಸಿದ ಮೇಲೆ, ಕಾಲು ನೊಂದು ಕಟ್ಟೆಯ ಮೇಲೆ ಕುಳಿತ ಆ ಹೊತ್ತಿನಲ್ಲಿ, ಅವಳಿಗೆ ಅದೇ ಗೌರವ ಉಳಿಯುತ್ತಿತ್ತೆ? ಅವಳು ದೇವಿಯನ್ನು ಹೊರದೆ, ಹಾಡದೆ, ಕುಣಿಯದೆ, ಹರಸದೆ, ಬೇಡದೆ, ಸುಮ್ಮನೆ ಒಬ್ಬಳೇ ನಮ್ಮೂರಿಗೆ ಬಂದರೆ ನಾವು ಏನೆಂದು ಕರೆಯುತ್ತೇವೆ?

ಈ ಮಾತನ್ನು ಒಂದು ನಿಜವಾದ ಬಾಳಿನ ಎದುರಿಗಿಟ್ಟು ನೋಡಬಹುದು. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿ, ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದ ಮಂಜಮ್ಮ ಜೋಗತಿ ಇಂದು ಕನ್ನಡಿಗರೆಲ್ಲರಿಗೂ ಗೊತ್ತಿರುವ ಹೆಸರು. ಮನೆಯವರು ಹುಲಿಗೆಮ್ಮನ ಸನ್ನಿಧಿಯಲ್ಲಿ ಅವರಿಗೆ ಮುತ್ತು ಕಟ್ಟಿಸಿದರು. ಬಳಿಕ ಮನೆ ಅವರದಾಗಿ ಉಳಿಯಲಿಲ್ಲ. ಬೇಡಿ ಬದುಕಿದರು, ಹಲ್ಲೆ ಅನುಭವಿಸಿದರು, ಸಾಯಲೂ ಹೊರಟರು. ದಾವಣಗೆರೆಯಲ್ಲಿ ಒಬ್ಬ ತಂದೆ ಮತ್ತು ಮಗ ತಲೆಯ ಮೇಲೆ ಕೊಡವಿಟ್ಟು ಕುಣಿಯುವುದನ್ನು ಕಂಡು ಆ ಕಲೆಯನ್ನು ಕಲಿತರು. ಮುಂದೆ ಕಾಳವ್ವ ಜೋಗತಿಯವರ ಮೇಳ ಸೇರಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆ, 2021ರಲ್ಲಿ ಪದ್ಮಶ್ರೀ. ಆ ವರ್ಷದ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆಯುವಾಗ ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ರೀತಿಯನ್ನು ದೇಶವೇ ನೋಡಿತು.

ಅವರ ಆತ್ಮಕಥನವನ್ನು ಅರುಣ್ ಜೋಳದಕೂಡ್ಲಿಗಿ ಅವರು ನಿರೂಪಿಸಿದ್ದಾರೆ. ‘ನಡುವೆ ಸುಳಿವ ಹೆಣ್ಣು’ ಎಂಬ ಅದರ ಹೆಸರು ನಮ್ಮನ್ನು ಜೇಡರ ದಾಸಿಮಯ್ಯನ ಕಡೆಗೆ ಕರೆದೊಯ್ಯುತ್ತದೆ. ಒಳಗೆ ಸುಳಿಯುವ ಆತ್ಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ಕಂಡವನು ಒಬ್ಬ ನೇಕಾರ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಿಗೆ ಅವನ ಹೆಸರು ಹೊಸದಲ್ಲ. ಅಲ್ಲಿ ನೆಯ್ದ ಸೀರೆ ಯಾರು ಉಡುತ್ತಾರೆಂದು ಮಗ್ಗ ಕೇಳುವುದಿಲ್ಲ. ಉಟ್ಟವರನ್ನು ಕಂಡಾಗ ಮಾತ್ರ ನಮ್ಮ ಕಣ್ಣು ಕೇಳುತ್ತದೆ.

ಮಂಜಮ್ಮನವರ ಕಥೆಯಲ್ಲಾಗಲಿ, ತಮಿಳುನಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಹೋರಾಟಗಾರ್ತಿಯಾಗಿ ಬೆಳೆದ ಎ. ರೇವತಿಯವರ ಕಥೆಯಲ್ಲಾಗಲಿ ಪ್ರಯಾಣಗಳಿಗೆ ಕೊರತೆಯಿಲ್ಲ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಅದು ರಂಗದ ಮೇಲೂ ಬಂತು. ಆದರೆ ಈ ಪುಸ್ತಕಗಳ ಪ್ರಯಾಣಗಳು ಎಂಥವು? ಮನೆ ಬಿಟ್ಟು ಓಡಿದ ಪ್ರಯಾಣ, ತನ್ನಂಥವರನ್ನು ಹುಡುಕಿಕೊಂಡು ದಿಲ್ಲಿಗೋ ಮುಂಬಯಿಗೋ ಹೋದ ಪ್ರಯಾಣ, ಹೊಟ್ಟೆಪಾಡಿನ ಪ್ರಯಾಣ, ಮುಂದೆ ಸಭೆ ಸಮಾರಂಭಗಳ ಪ್ರಯಾಣ. ಇವುಗಳ ನಡುವೆ ‘ಬೇಸರ ಕಳೆಯಲೆಂದು ಹೋದೆ’ ಎಂಬ ಪ್ರಯಾಣವನ್ನು ಹುಡುಕಬೇಕಾಗುತ್ತದೆ. ಇಂಥ ಬಾಳುಗಳಲ್ಲಿ ಒಂಟಿತನ ಬೇಕಾದಷ್ಟಿದೆ, ಏಕಾಂತ ಅಪರೂಪ. ಮನೆಯವರು ಹೊರಗೆ ಹಾಕಿದಾಗ ಬರುವುದು ಒಂಟಿತನ. ತಾನಾಗಿ ಬಾಗಿಲು ಹಾಕಿಕೊಂಡಾಗ ದೊರೆಯುವುದು ಏಕಾಂತ. ಎರಡರಲ್ಲಿಯೂ ಮನುಷ್ಯ ಒಬ್ಬನೇ ಇರುತ್ತಾನೆ, ನಿಜ. ಆದರೆ ಎರಡನೆಯದಕ್ಕೆ ಮೊದಲು ಹಾಕಿಕೊಳ್ಳಲು ಒಂದು ಬಾಗಿಲು ಬೇಕು.

ನಮ್ಮ ಕಾವ್ಯಗಳಲ್ಲಿ ಇದರ ಒಂದು ಛಾಯೆ ಇದೆ. ಪಾಂಡವರ ಅಜ್ಞಾತವಾಸದ ಒಂದು ವರ್ಷ ಅರ್ಜುನ ಬೃಹನ್ನಳೆಯಾಗಿ ವಿರಾಟನ ಅರಮನೆಯಲ್ಲಿದ್ದ. ಊರ್ವಶಿಯ ಶಾಪವೇ ಅವನಿಗೆ ಆಸರೆಯಾಯಿತು. ಬಳೆ ತೊಟ್ಟು, ಜಡೆ ಹಾಕಿ, ಉತ್ತರೆಗೆ ನಾಟ್ಯ ಕಲಿಸಿದ. ಈ ಕಥೆಯನ್ನು ನಾವು ಗೋಗ್ರಹಣದ ಯುದ್ಧಕ್ಕಾಗಿ ನೆನೆಯುತ್ತೇವೆ. ಬೃಹನ್ನಳೆ ಮರಳಿ ಅರ್ಜುನನಾದಾಗ ಚಪ್ಪಾಳೆ ತಟ್ಟುತ್ತೇವೆ. ಆದರೆ ಬೃಹನ್ನಳೆಯಾಗಿಯೇ ಉಳಿಯಬಯಸುವವಳ ಪಾಡೇನು? ಅವಳ ಅಜ್ಞಾತವಾಸ ಇನ್ನೊಂದು ಬಗೆಯದು. ಅರ್ಜುನನಿಗೆ ಯಾರೂ ತನ್ನನ್ನು ಗುರುತಿಸಬಾರದೆಂಬುದು ಪಣದ ಕಟ್ಟಳೆಯಾಗಿತ್ತು. ಇವಳಿಗೆ ಯಾರೂ ತಿರುಗಿ ನೋಡದ ಒಂದು ಸಂಜೆ ಸಿಕ್ಕರೆ ಅದೇ ಉಡುಗೊರೆ. ಬಳೆಗಾರರ ಮನೆತನದಿಂದ ಬಂದ ಮಹಾಕವಿ ರನ್ನನ ಊರು ಈ ಮುಧೋಳವೇ. ಬಳೆ ತೊಡಿಸುವವನು ಕೈಯ ಅಳತೆಯನ್ನಷ್ಟೇ ನೋಡುತ್ತಾನೆ. ಅವಳು ನಮ್ಮಿಂದ ಬಯಸುವುದೂ ಅಂಥ ನೋಟವನ್ನೇ.

ಹೊರನಾಡಿನ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1953ರಲ್ಲಿ ಎವರೆಸ್ಟ್ ಏರಿದ ಸುದ್ದಿಯನ್ನು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಮೊದಲು ಮುಟ್ಟಿಸಿದ ವರದಿಗಾರ ಮುಂದೆ 1972ರಲ್ಲಿ ಕಾಸಾಬ್ಲಾಂಕಾ ನಗರದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಜ್ಯಾನ್ ಮಾರಿಸ್ ಎಂಬ ಮಹಿಳೆಯಾಗಿ ಬಾಳಿದರು. 1974ರಲ್ಲಿ ಆ ಅನುಭವವನ್ನು ಪುಸ್ತಕವಾಗಿ ಬರೆದರು. ಆಮೇಲೂ ಸುಮಾರು ಅರ್ಧ ಶತಮಾನ, 2020ರಲ್ಲಿ ತೀರಿಕೊಳ್ಳುವವರೆಗೆ, ಪ್ರವಾಸ ಸಾಹಿತ್ಯದ ದೊಡ್ಡ ಹೆಸರಾಗಿ ಉಳಿದರು. ಲೋಕದ ನಗರಗಳನ್ನೆಲ್ಲ ಸುತ್ತಿದ ಅವರು ಮರಳಿ ಬರುತ್ತಿದ್ದುದು ವೇಲ್ಸ್ ನಾಡಿನ ಒಂದು ಹಳ್ಳಿಯ ಬದಿಗಿದ್ದ ಮನೆಗೆ. ಹಿಂದೆ ಕುದುರೆ ಲಾಯವಾಗಿದ್ದ ಕಲ್ಲಿನ ಕಟ್ಟಡವದು. ಆ ಮನೆಯ ಕುರಿತು 2002ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮಾರಿಸ್ ಅವರಿಗೆ ಹಣವಿತ್ತು, ಹೆಸರಿತ್ತು, ಜೀವನದುದ್ದಕ್ಕೂ ಜೊತೆಗಿದ್ದ ಎಲಿಜಬೆತ್ ಎಂಬ ಸಂಗಾತಿಯಿದ್ದರು. ನಮ್ಮ ಜೋಗತಿಗೆ ಇವಾವುವೂ ಇಲ್ಲ. ಆದರೂ ಒಂದು ಸಂಗತಿ ಇಬ್ಬರಿಗೂ ಸಮಾನ. ಲೋಕ ನೋಡುವವಳಿಗೆ, ಲೋಕ ತನ್ನನ್ನು ನೋಡದೆ ಬಿಡುವ ಒಂದು ಮೂಲೆಯೂ ಬೇಕಾಗುತ್ತದೆ.

ಈಗ ನಮ್ಮ ಕಲ್ಪನೆಯ ಪ್ರವಾಸಿಯನ್ನು ಬೆಂಗಳೂರಿನಿಂದ ಹೊರಡಿಸೋಣ. ಅವಳೊಬ್ಬ ನೌಕರಳು ಎನ್ನೋಣ. ಬಸ್ಸಿನ ಬಾಗಿಲು ಇಂದು ಅವಳಿಗೆ ತೆರೆದಿದೆ. 2023ರ ಜೂನ್ 11ರಂದು ರಾಜ್ಯದಲ್ಲಿ ಆರಂಭವಾದ ‘ಶಕ್ತಿ’ ಯೋಜನೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಪ್ರಯಾಣ ಕೊಟ್ಟಿತು. ನಿರ್ವಾಹಕ ಕೊಡುವ ಸೊನ್ನೆ ರೂಪಾಯಿಯ ಚೀಟಿ ಚಿಕ್ಕದು. ಆದರೆ ಸರಕಾರವೇ ‘ನೀನೂ ಹೋಗಿ ಬಾ’ ಎಂದು ಬರೆದುಕೊಟ್ಟ ಚೀಟಿ ಅದು. ಪಕ್ಕದ ಆಸನ ಖಾಲಿಯಿದ್ದರೂ ಯಾರೂ ಕೂಡದೆ ನಿಂತೇ ಬರುವ ಮುಜುಗರವನ್ನು ಮಾತ್ರ ಯಾವ ಚೀಟಿಯೂ ತಪ್ಪಿಸಲಾರದು.

ಊರು ಮುಟ್ಟಿದ ಮೇಲೆ ವಸ್ತಿಯ ಪ್ರಶ್ನೆ. ಯಾವುದೇ ಪೇಟೆಯ ವಸತಿಗೃಹದಲ್ಲಿ ಒಂದು ದೊಡ್ಡ ದಪ್ತರವಿರುತ್ತದೆ: ಹೆಸರು, ತಂದೆಯ ಅಥವಾ ಗಂಡನ ಹೆಸರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಬಂದ ಕಾರಣ. ಒಬ್ಬಳೇ ಬಂದ ಹೆಣ್ಣಿಗೆ, ಅವಳು ಯಾರೇ ಆಗಿರಲಿ, ಈ ಕೊನೆಯ ಅಂಕಣ ಕಷ್ಟದ್ದು. ಗಂಡಸು ‘ಕೆಲಸ’ ಎಂದು ಬರೆದರೆ ಮುಗಿಯಿತು. ಒಂಟಿ ಹೆಣ್ಣು ಏನು ಬರೆದರೂ ಮೇಜಿನ ಹಿಂದಿನ ಕಣ್ಣು ಅವಳನ್ನು ಎರಡು ಸಲ ಅಳೆಯುತ್ತದೆ. ಗುರುತಿನ ಚೀಟಿಯ ಹೆಸರು ಒಂದು, ಎದುರಿಗೆ ನಿಂತ ರೂಪ ಇನ್ನೊಂದು ಆದವಳನ್ನಂತೂ ನಾಲ್ಕು ಸಲ ಅಳೆಯುತ್ತದೆ. ‘ಕೋಣೆ ಖಾಲಿ ಇಲ್ಲ’ ಎಂಬುದು ಆಗ ಅತ್ಯಂತ ಸುಲಭವಾದ ಉತ್ತರ.

ಈ ಅಳೆಯುವಿಕೆಗೆ ಚರಿತ್ರೆಯೂ ಇದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗ ಉತ್ತರ ಹಿಂದೂಸ್ಥಾನದಲ್ಲಿ ಇಂಥವರ ಹೆಸರುಗಳನ್ನು ಪಟ್ಟಿ ಮಾಡಿಸಿತು. ಹೆಣ್ಣುಡುಗೆಯಲ್ಲಿ ಬೀದಿಗೆ ಬರುವುದನ್ನೂ ಕುಣಿಯುವುದನ್ನೂ ಅಪರಾಧವಾಗಿಸಿತು. ಬ್ರಿಟಿಷರು ಹೋದರೂ ಆ ಮನೋಧರ್ಮ ಹೋಗಲಿಲ್ಲ. 2011ರಲ್ಲಿ ಕರ್ನಾಟಕದ ಪೊಲೀಸ್ ಕಾಯಿದೆಗೇ ಒಂದು ಕಲಮು ಸೇರಿ, ಇಡೀ ಸಮುದಾಯವನ್ನು ಹೆಸರಿಸಿ ಪಟ್ಟಿ ಮಾಡಲು ಅವಕಾಶ ಕೊಟ್ಟಿತು. ನ್ಯಾಯಾಲಯದಲ್ಲಿ ಪ್ರಶ್ನೆಯೆದ್ದು 2017ರ ವೇಳೆಗೆ ಆ ಪದವನ್ನು ತೆಗೆಯಬೇಕಾಯಿತು. ಅದೇ 2011ರ ಜನಗಣತಿ ಗಂಡು ಹೆಣ್ಣುಗಳಲ್ಲದೆ ‘ಇತರೆ’ ಎಂಬ ಅಂಕಣವನ್ನು ಮೊದಲ ಬಾರಿಗೆ ತೆರೆದು ದೇಶದಲ್ಲಿ 4,87,803 ಜನರನ್ನೂ ಕರ್ನಾಟಕದಲ್ಲಿ 20,266 ಜನರನ್ನೂ ಎಣಿಸಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಇವರ ಲಿಂಗಗುರುತನ್ನು ಸಂವಿಧಾನದ ಹಕ್ಕೆಂದು ಸಾರಿತು. 2019ರಲ್ಲಿ ಆದ ಕಾಯಿದೆ ಸಾರ್ವಜನಿಕ ವಸತಿ ಮತ್ತು ಸೇವೆಗಳಲ್ಲಿ, ಸಂಚಾರದಲ್ಲಿ, ಮನೆ ಬಾಡಿಗೆ ಪಡೆಯುವುದರಲ್ಲಿ ಭೇದ ಮಾಡಕೂಡದೆಂದು ಬರೆಯಿತು. ಹೀಗೆ ಪಟ್ಟಿ ಮಾಡಿ ತಡೆಯುವ ಕಾನೂನಿನಿಂದ ಬಾಗಿಲು ತೆರೆಯಿರೆನ್ನುವ ಕಾನೂನಿನವರೆಗೆ ಬರಲು ಸುಮಾರು ಒಂದೂವರೆ ಶತಮಾನ ಬೇಕಾಯಿತು. ಕಾನೂನು ಕೋಣೆಯ ಕೀಲಿಕೈ ಕೊಡಿಸಬಲ್ಲದು. ‘ಬರ್ರಿ, ಕೂಡ್ರಿ’ ಎಂಬ ಮಾತನ್ನು ಕೊಡಿಸಲಾರದು. ಅದು ನಮ್ಮ ಬಾಯಿಂದಲೇ ಬರಬೇಕು.

ತೋಟದ ಮನೆ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಜಮಖಂಡಿಯ ಸುತ್ತ ಅಂಥ ಮನೆಗಳು ಕಬ್ಬಿನ ಜೊತೆಗೇ ಹೆಚ್ಚಿದವು. 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ರೈತರೇ ಹಣ ಹಾಕಿ, ಮೈ ಬಗ್ಗಿಸಿ ದುಡಿದು ಬ್ಯಾರೇಜು ಕಟ್ಟಿದ ಸೀಮೆಯಿದು. ನೀರು ಬಂತು, ಕಬ್ಬು ಬಂತು, ಬೆಲ್ಲದ ಗಾಣಗಳ ಹೊಗೆ ಎದ್ದಿತು. ಪಕ್ಕದ ವಸ್ತಿಯ ಹೆಣ್ಣುಮಗಳು ಬುಟ್ಟಿಯಲ್ಲಿ ಬಿಸಿ ರೊಟ್ಟಿ, ಶೇಂಗಾದ ಹಿಂಡಿ, ಕೆನೆ ಮೊಸರು ತಂದಿಟ್ಟು, ಈ ಕಡೆಯ ಪದ್ಧತಿಯಂತೆ ಕೇಳುತ್ತಾಳೆ: ‘ಯಾವೂರ್ರಿ ಅಕ್ಕಾರ? ಒಬ್ಬಾಕಿನ ಬಂದೀರೇನ್ರಿ? ಜೋಡಿ ಯಾರೂ ಇಲ್ಲೇನ್ರಿ?’ ಈ ಪ್ರಶ್ನೆಗಳಲ್ಲಿ ಕೆಡುಕಿಲ್ಲ. ನಮ್ಮಲ್ಲಿ ಪ್ರಶ್ನೆಯೇ ಉಪಚಾರ. ಆದರೆ ಪ್ರಶ್ನೆ ‘ಯಾವೂರು’ ಎಂಬಲ್ಲಿ ನಿಂತರೆ ಅವಳು ಅತಿಥಿ; ಮೈಯ ಗುಟ್ಟಿಗೆ ಇಳಿದರೆ ಅವಳು ಜಾತ್ರೆಯ ಆಟವಾಗುತ್ತಾಳೆ. ಯಾವ ಅತಿಥಿಗೂ ಕೇಳದ ಪ್ರಶ್ನೆಯನ್ನು ಅವಳಿಗೂ ಕೇಳದಿರುವುದೇ ಇಲ್ಲಿಯ ಮರ್ಯಾದೆ. ‘ಕೂಸಿಗೆ ಹರಸಿ ಹೋಗ್ರಿ’ ಎನ್ನುವ ಬಿನ್ನಹವೂ, ಎಷ್ಟೇ ಭಕ್ತಿಯಿಂದ ಬಂದರೂ, ಇಳಿಸಿದ ಕೊಡವನ್ನು ಮತ್ತೆ ತಲೆಗೆ ಏರಿಸಿದಂತೆಯೇ ಸರಿ.

ಆ ಮೂರು ದಿನ ಅವಳು ಏನು ಮಾಡಬಹುದು? ಬೀಳಗಿಯ ಕಡೆ ಹೋಗಿ ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಯನ್ನು ಕೂಡುವುದನ್ನು ನೋಡಬಹುದು. ಆಲಮಟ್ಟಿಯ ಹಿನ್ನೀರು ಇಳಿಯುವ ಕಾಲವಾದರೆ ದೂರದಿಂದ ಬಂದ ಫ್ಲೆಮಿಂಗೊಗಳು ಕೆಸರಿನಲ್ಲಿ ಒಂಟಿ ಕಾಲಿನ ಮೇಲೆ ನಿಂತಿರುತ್ತವೆ. ಆ ಹಿನ್ನೀರಿನಲ್ಲಿ ಮನೆಮಠ ಮುಳುಗಿ ‘ಪುನರ್ವಸತಿ’ ಎಂಬ ಸರಕಾರಿ ಪದವನ್ನು ಮೈಮೇಲೆ ಹೊತ್ತ ಜನ ಅಲ್ಲಿದ್ದಾರೆ. ವಸತಿ ಕಳೆದುಕೊಳ್ಳುವುದೆಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬನಹಟ್ಟಿಗೆ ಹೋಗಿ ತನಗೊಂದು ಸೀರೆ ಕೊಳ್ಳಬಹುದು. ಅಥವಾ ಏನೂ ಮಾಡದಿರಬಹುದು. ಹೊರಸಿನ ಮೇಲೆ ಮಧ್ಯಾಹ್ನದವರೆಗೆ ಮಲಗಬಹುದು, ಗಡ್ಡದ ಎರಡು ಕೂದಲು ಕಂಡೀತೆಂಬ ಅಂಜಿಕೆಯಿಲ್ಲದೆ ಮುಖ ತೊಳೆಯಬಹುದು, ದನಿ ತಿದ್ದಿಕೊಳ್ಳದೆ ತನ್ನಷ್ಟಕ್ಕೆ ಹಾಡಿಕೊಳ್ಳಬಹುದು. ಪೇಟೆಯಲ್ಲಿ ದಿನವಿಡೀ ನಡಿಗೆಯನ್ನೂ ನೋಟವನ್ನೂ ಕಾಯ್ದುಕೊಂಡು ಬಾಳುವವಳಿಗೆ ಆ ಕಾವಲನ್ನು ಇಳಿಸಿಡುವುದೇ ವಿಶ್ರಾಂತಿ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಒಂದು, ಬೀದಿಯಲ್ಲಿ ಬೇಡುವವರು ಸಾವಿರಾರು ಇರುವಾಗ ನೌಕರಳೊಬ್ಬಳ ರಜೆಯ ಚಿಂತೆ ಶ್ರೀಮಂತಿಕೆಯ ಚಿಂತೆಯಲ್ಲವೆ? ಎರಡು, ಇಂಥವರಿಗೆ ಗುರು, ಅಕ್ಕತಂಗಿಯರು, ಮೇಳ ಎಂಬ ಕೂಟವೇ ರಕ್ಷೆ. ಒಬ್ಬಳೇ ಹೋಗುವುದನ್ನು ಹೊಗಳುವುದು ಅಪಾಯವಲ್ಲವೆ? ಎರಡರಲ್ಲಿಯೂ ಸತ್ಯವಿದೆ. ತೋಟದ ಕತ್ತಲೆಯಲ್ಲಿ ಒಂಟಿ ಹೆಣ್ಣಿಗಿರುವ ಭಯ ಸುಳ್ಳಲ್ಲ. ಮನೆಯವರು ಬಿಟ್ಟಾಗ ಅನ್ನವಿಟ್ಟ ಕೂಟದ ಋಣವೂ ಸುಳ್ಳಲ್ಲ. ಆದರೆ ವಿಶ್ರಾಂತಿಯನ್ನು ಹಕ್ಕುಗಳ ಪಟ್ಟಿಯ ಕೊನೆಗೆ ಇಡುವ ರೂಢಿ ಬಡವರ ವಿಷಯದಲ್ಲಿ ಮಾತ್ರ ನಮಗೆ ಸಹಜವಾಗಿ ಕಾಣುತ್ತದೆ. ಕೂಲಿಯವನಿಗೆ ವಾರದ ಸೂಟಿ ಬೇಕೆಂದಾಗಲೂ ಒಂದು ಕಾಲಕ್ಕೆ ಇದೇ ಮಾತು ಕೇಳಿಬಂದಿತ್ತು. ಕೂಟದ ವಿಷಯಕ್ಕೆ ಬಂದರೆ, ಮೂರು ದಿನ ಬಿಟ್ಟಿದ್ದು ಮರಳಿ ಬರಬಹುದಾದ ಕೂಟವೇ ಮನೆ. ಬಿಡಲಾಗದ ಕೂಟ ಆಸರೆಯಾಗಿದ್ದರೂ ಸೆರೆಯ ನೆರಳು ಅದಕ್ಕೆ ತಪ್ಪಿದ್ದಲ್ಲ.

ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಒಬ್ಬಳೇ ನಡೆದು ಕಲ್ಯಾಣಕ್ಕೆ ಬಂದಳು, ಅಲ್ಲಿಂದ ಶ್ರೀಶೈಲಕ್ಕೆ ಹೋದಳು. ಅವಳನ್ನು ಅನುಭವ ಮಂಟಪವೂ ಪ್ರಶ್ನೆ ಮಾಡಿಯೇ ಒಳಗೆ ಬಿಟ್ಟುಕೊಂಡಿತು. ನಾವು ಅವಳನ್ನು ಪೂಜಿಸಲು ಕಲಿತೆವು; ಒಂಟಿಯಾಗಿ ನಡೆಯುವ ಹೆಣ್ಣಿಗೆ ದಾರಿ ಬಿಡುವುದನ್ನು ಇನ್ನೂ ಕಲಿಯುತ್ತಿದ್ದೇವೆ. ಜೋಗತಿಯ ವಿಷಯದಲ್ಲಿಯೂ ಹಾಗೆಯೇ. ಕೊಡ ಹೊತ್ತವಳಿಗೆ ಕೈ ಮುಗಿಯುವುದು ನಮಗೆ ಬಂದಿದೆ. ಏನನ್ನೂ ಹೊರದೆ ಬಂದವಳಿಗೆ ನೀರು ಕೊಟ್ಟು, ಹಾಸಿಗೆ ತೋರಿಸಿ, ನಮ್ಮ ಕೆಲಸಕ್ಕೆ ನಾವು ಹೋಗಿಬಿಡುವುದು ಬರಬೇಕಾಗಿದೆ. ಇದಕ್ಕೆ ಹಣ ಬೇಡ, ಪಾಂಡಿತ್ಯ ಬೇಡ.

ವಸತಿಗೃಹದ ದಪ್ತರದಲ್ಲಿ ‘ಬಂದ ಕಾರಣ’ ಎಂಬ ಅಂಕಣಕ್ಕೆ ಅವಳು ‘ವಿಶ್ರಾಂತಿ’ ಎಂದು ಬರೆದು, ಮೇಜಿನ ಹಿಂದಿನವನು ಅದನ್ನು ಓದಿ, ಮರುಮಾತಿಲ್ಲದೆ ಕೀಲಿಕೈ ಮುಂದಿಡುವ ದಿನ ಈ ಸೀಮೆಯ ಆತಿಥ್ಯ ಹೊಸ್ತಿಲು ದಾಟಿ ಒಳಗೆ ಬಂದಿತೆಂದು ತಿಳಿಯಬಹುದು.